ತೊಂಬತ್ತು ಅವರಿಗೆ, ಹತ್ತು ಇವರಿಗೆ

ರಾತ್ರಿ ಸುಮ್ನೆ ಇಂಗ್ಲೆಂಡಿನ ಬ್ಯಾಂಡ್ ಬೀಟಲ್ಸ್ ಹಾಡು ಕೇಳುತ್ತಾ ಕೂತಿದ್ದೆ. ನೆನಪಾಗಿದ್ದು ಹಾಡಿದವರಲ್ಲ, ಅವರ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್. ಲಿವರ್‌ಪೂಲ್‌ನಲ್ಲಿ ಮನೆಯವರ ರೆಕಾರ್ಡ್ ಅಂಗಡಿ ನೋಡಿಕೊಳ್ಳುತ್ತಿದ್ದವನು. 1961ರ ನವೆಂಬರ್‌ನಲ್ಲಿ ಕ್ಯಾವರ್ನ್ ಕ್ಲಬ್ಬಿನ ನೆಲಮಾಳಿಗೆಗಿಳಿದು ಈ ಹುಡುಗರನ್ನು ಮೊದಲ ಸಲ ಕೇಳಿದ. ಲೆದರ್ ಜಾಕೆಟ್ ಬಿಡಿಸಿ ಸೂಟು ಹಾಕಿಸಿದ. ಡೆಕ್ಕಾ ಅನ್ನೋ ರೆಕಾರ್ಡ್ ಕಂಪನಿ ಬೇಡ ಅಂದರೂ ಬಿಡದೆ ಅಲೆದು, 1962ರಲ್ಲಿ ಇನ್ನೊಂದು ರೆಕಾರ್ಡ್ ಕಂಪನಿ ಇಎಂಐ ಜೊತೆ ಒಪ್ಪಂದ ಮಾಡಿಸಿದ.

ಇಷ್ಟು ಚುರುಕಿನವನು ಎಡವಿದ್ದು ವಿಗ್ಗು, ಬೊಂಬೆ, ಬ್ಯಾಡ್ಜುಗಳ ವಿಷಯದಲ್ಲಿ! ಬೀಟಲ್ಸ್ ಹೆಸರಲ್ಲಿ ಅವನ್ನೆಲ್ಲ ಮಾರುವ ಹಕ್ಕು ಬೇರೆಯವರ ಕಂಪನಿಗೆ ಹೋಯಿತು. ಆ ಹಕ್ಕಿನಿಂದ ಬಂದ ಹಣದಲ್ಲಿ ಅವರಿಗೆ ಶೇ 90, ಬೀಟಲ್ಸ್ ಕಡೆಯವರಿಗೆ ಶೇ 10. ಆ ಕಂಪನಿ ಹೆಸರು ಸೆಲ್‌ಟೇಬ್. ಇಂಗ್ಲಿಷ್ ಅಕ್ಷರ ಹಿಂದಿನಿಂದ ಓದಿದರೆ ಬೀಟಲ್ಸ್! ಆಮೇಲೆ ಕೋರ್ಟು ಕಚೇರಿ ಬೇರೆ.

ಬೈಯೋಕೆ ಮನಸ್ಸು ಬರಲ್ಲ. ಬ್ಯಾಡ್ಜಿಗೂ ಅಷ್ಟು ಬೆಲೆ ಬರುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು, ಅಲ್ವಾ? 1967ರಲ್ಲಿ ಹೋಗೇಬಿಟ್ಟ. ಆಗಿನ್ನೂ 32.