ರಾಗಿ ಮತ್ತು ಕುಕ್ಕರ್: ಆರನೇ ವಾರ

ಇವತ್ತು ಬೆಳಿಗ್ಗೆ ಕುಕ್ಕರ್ ಕೂಗಿತು, ನಮ್ಮ ನಾಯಿ ರಾಗಿ ಮಂಚದ ಕೆಳಗೆ ಓಡಲಿಲ್ಲ. ಕಿವಿ ಹಿಂದಕ್ಕೆ ಹೋಯಿತು, ಒಂದು ಸಲ ಮೂತಿ ನೆಕ್ಕಿಕೊಂಡಳು, ಆಮೇಲೆ ನನ್ನ ಕೈ ನೋಡಿದಳು. ಅಷ್ಟೇ. ನನಗಂತೂ ಕುಣಿಯೋಣ ಅನ್ನಿಸಿತು, ಕುಣಿದರೆ ಅದಕ್ಕೂ ಹೆದರುತ್ತಾಳೆ ಅಂತ ಸುಮ್ನೆ ಕೂತೆ.

ಇವಳು ನಮ್ಮ ಬೀದಿಯವಳೇ. ಕಳೆದ ದೀಪಾವಳಿಯ ರಾತ್ರಿ ಪಟಾಕಿಗೆ ಬೆದರಿ ಗೇಟಿನ ಸಂದಿಯಲ್ಲಿ ನುಗ್ಗಿ ಬಂದು ಸ್ಕೂಟರ್ ಹಿಂದೆ ಮುದುರಿಕೊಂಡವಳು ವಾಪಸ್ ಹೋಗಲೇ ಇಲ್ಲ. ಪಟಾಕಿ ವರ್ಷಕ್ಕೊಮ್ಮೆ, ಆದರೆ ಕುಕ್ಕರ್ ದಿನಾ ಇರುತ್ತದಲ್ವಾ, ಅದಕ್ಕೇ ಸದ್ದಿನ ಭಯ ಬಿಡಿಸುವ ಅಭ್ಯಾಸ ಅಲ್ಲಿಂದ ಶುರು ಮಾಡಿದೆ.

ಮೊದಲ ಎರಡು ವಾರ ದಂಡ. ತಪ್ಪು ನನ್ನದೇ. ಉಪ್ಪು, ಈರುಳ್ಳಿ ಏನೂ ಹಾಕದೆ ಬೇಯಿಸಿದ ಚಿಕನ್ ಚೂರುಗಳನ್ನು ಮೊದಲೇ ತಿನ್ನಿಸಿ, ಅವಳು ಖುಷಿಯಾಗಿರುವಾಗ ಕುಕ್ಕರ್ ಕೂಗಲಿ ಅಂತ ಕಾಯುತ್ತಿದ್ದೆ. ನಾಲ್ಕೇ ದಿನಕ್ಕೆ ಡಬ್ಬಿಯ ಮುಚ್ಚಳ ಟಕ್ ಅಂದರೆ ಸಾಕು, ಮಂಚದ ಕೆಳಗೆ! ಚಿಕನ್ ಬಂತು ಅಂದರೆ ಹಿಂದೆಯೇ ಆ ದೆವ್ವ ಕೂಗುತ್ತದೆ ಅಂತ ಕಲಿತುಬಿಟ್ಟಿದ್ದಳು. ಸದ್ದು ಕೇಳಿದರೇ ಊಟ ಬಂತು ಅಂತ ಜೊಲ್ಲು ಸುರಿಸುತ್ತಿದ್ದ ವಿಜ್ಞಾನಿ ಪಾವ್ಲೋವನ ನಾಯಿಗಳ ಕಥೆ ಶಾಲೆಯಲ್ಲಿ ಓದಿದ್ದೇ ಬಂತು: ಸದ್ದು ಮೊದಲು, ತಿಂಡಿ ಆಮೇಲೆ. ನಾನು ಉಲ್ಟಾ ಮಾಡಿದ್ದೆ.

ಮೂರನೇ ವಾರ ಹೊಸ ಡಬ್ಬಿ. ಕುಕ್ಕರ್ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ವಾಲ್ಯೂಮ್ ಒಂದೇ ಕಡ್ಡಿ ಇಟ್ಟು ಹಾಕುವುದು, ಸದ್ದು ಬಂದ ತಕ್ಷಣ ಹೆಬ್ಬೆರಳಿನ ಉಗುರಿನಷ್ಟು ಚಿಕನ್. ಐದಾರು ಸಲ, ಮುಗೀತು. ಚಿಕನ್ ಮೂಸಿ ಬಿಟ್ಟರೆ ಸದ್ದು ಜಾಸ್ತಿಯಾಯಿತು ಅಂತ ಅರ್ಥ, ಮತ್ತೆ ಕಮ್ಮಿ. ಮಂಚದ ಕೆಳಗೆ ಹೋದರೆ ಎಳೆಯುವುದಿಲ್ಲ, ಅದು ಅವಳ ಜಾಗ.

ಫೋನಿಗೆ ಒಗ್ಗಿದವಳು ನಿಜವಾದ ಕುಕ್ಕರಿಗೆ ಒಗ್ಗಲಿಲ್ಲ. ನಮಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳಿಸಿದರೆ ನಾಯಿಗೆ ಅದರ ಎರಡರಷ್ಟು ಮೇಲಿನದೂ ಕೇಳಿಸುತ್ತದೆ, ಆ ಪುಟ್ಟ ಸ್ಪೀಕರಿನಿಂದ ಅದೆಲ್ಲ ಎಲ್ಲಿ ಬರಬೇಕು? ಹಾಗಾಗಿ ನಾಲ್ಕನೇ ವಾರ ಗೇಟಿನ ಹತ್ತಿರ ನಾನೂ ಅವಳೂ, ಒಳಗೆ ಅಮ್ಮ. ದಿನಕ್ಕೆ ಎರಡು ಹೆಜ್ಜೆ ಹತ್ತಿರ, ಜಗಲಿ, ಆಮೇಲೆ ಹಾಲ್. ಅಮ್ಮ ಸಹಾಯಕ್ಕೆ ಅಂತ ಪ್ರತಿ ಸಲವೂ ಮೊದಲೇ "ಬಂತು ನೋಡೋ!" ಅಂತ ಕೂಗುತ್ತಿದ್ದರು. ಎರಡು ದಿನದಲ್ಲಿ ರಾಗಿ ಅಮ್ಮನ ದನಿಗೇ ಎದ್ದು ಹೊರಡತೊಡಗಿದಳು. ಮತ್ತೆ ಅದೇ ಉಲ್ಟಾ ಕಥೆ. "ಅಮ್ಮಾ, ದಯವಿಟ್ಟು ಮಾತಾಡಬೇಡ" ಅಂದಿದ್ದಕ್ಕೆ ಒಂದು ಹೊತ್ತು ನನ್ನ ಜೊತೆಯೂ ಮಾತಿಲ್ಲ.

ಐದನೇ ವಾರ ಪಕ್ಕದ ರಸ್ತೆಯಲ್ಲಿ ಮದುವೆ ದಿಬ್ಬಣ, ಸರಪಟಾಕಿ. ಇಡೀ ರಾತ್ರಿ ನಡುಗಿದಳು. ಮುದ್ದು ಮಾಡಿದರೆ ಭಯ ಜಾಸ್ತಿಯಾಗುತ್ತದೆ ಅನ್ನುವವರ ಮಾತು ನಾನು ಕೇಳಲಿಲ್ಲ, ಪಕ್ಕದಲ್ಲೇ ಮಲಗಿದೆ. ಎರಡು ದಿನ ಅಭ್ಯಾಸಕ್ಕೆ ರಜೆ ಕೊಟ್ಟು, ಮತ್ತೆ ಜಗಲಿಯಿಂದ ಶುರು.

ಈಗ ಹಾಲ್‌ನಲ್ಲಿ ಮೂರು ಕೂಗಿನವರೆಗೂ ಪರವಾಗಿಲ್ಲ. ನಾಳೆ ಅಮ್ಮ ಕಡಲೆಕಾಳು ನೆನೆಹಾಕುವವರಿದ್ದರು, ಅದಕ್ಕೆ ಏಳೆಂಟು ಕೂಗು ಬೇಕು. ಬೇಳೆ ಸಾರು ಸಾಕು ಅಂತ ಒಪ್ಪಿಸಿದ್ದೀನಿ.