ಕೌದಿ ಹೊದ್ದ ಗಡಿಗೆ

22 ಜನವರಿ 2025, ಬುಧವಾರ
ವಿಜಯಪುರ

ಸಂಜೆ ಮನೆಗೆ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ಅತ್ತೆಯವರ ಕೌದಿ ಮಡಿಸಿಟ್ಟಿತ್ತು. ನಾನು ಈ ಮನೆಗೆ ಬಂದು ಹನ್ನೊಂದು ವರ್ಷವಾಯಿತು, ಆ ಕೌದಿ ಮಾವನ ಮಂಚ ಬಿಟ್ಟು ಇಳಿದದ್ದನ್ನು ನೋಡಿಲ್ಲ. ಅದರ ಪಕ್ಕದಲ್ಲಿ ಸ್ಲೋ ಕುಕ್ಕರಿನ ಕೆಂಪು ದೀಪ ಉರಿಯುತ್ತಿತ್ತು. ಮಾವ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಕೋಲನ್ನು ಮೊಣಕಾಲಿಗೆ ಆನಿಸಿಕೊಂಡು ಅದನ್ನೇ ನೋಡುತ್ತ ಕುಳಿತಿದ್ದರು.

"ಮುಚ್ಚಳ ತೆಗೆದಿಲ್ಲ ತಾಯಿ," ಎಂದರು, ನಾನು ಚಪ್ಪಲಿ ಬಿಡುವ ಮೊದಲೇ.

ಡಿಸೆಂಬರಿನಲ್ಲಿ ಉಳಿದ ಹಲ್ಲುಗಳನ್ನೂ ಕೀಳಿಸಿದ ಮೇಲೆ ಮಾವನ ಊಟ ಇಳಿಯುತ್ತಲೇ ಇದೆ. ಹೊಸ ಹಲ್ಲಿನ ಸೆಟ್ ವಸಡಿಗೆ ಒತ್ತುತ್ತದೆ, ಹಾಗಾಗಿ ಅದು ಡಬ್ಬಿಯಲ್ಲೇ ಇರುತ್ತದೆ. ಹಾಲಿನಲ್ಲಿ ನೆನೆಸಿದ ರೊಟ್ಟಿ ಅರ್ಧ, ಮಜ್ಜಿಗೆ ಅನ್ನ ನಾಲ್ಕು ತುತ್ತು. ಸಂಕ್ರಮಣದ ದಿನ ಮಾದಲಿಯನ್ನು ಎರಡು ಚಮಚ ತಿಂದು ತಟ್ಟೆ ಸರಿಸಿಬಿಟ್ಟರು. ಸಿದ್ಧೇಶ್ವರ ಜಾತ್ರೆಗೂ ಬರಲಿಲ್ಲ. ಯಾವಾಗ ಕೇಳಿದರೂ "ಹಸಿವಿಲ್ಲ" ಎನ್ನುತ್ತಾರೆ. ಹಸಿವಿಲ್ಲದೆ ಅಲ್ಲ, ಎಲ್ಲರೂ ಎದ್ದ ಮೇಲೂ ತಾನೊಬ್ಬನೇ ವಸಡಿನಲ್ಲಿ ಅರೆಯುತ್ತ ಕೂರಬೇಕಲ್ಲ ಎಂಬ ಸಂಕೋಚ. ಅದು ನನಗೆ ಗೊತ್ತಿದೆ. ಹೋದ ವಾರ ಅವರ ಅಂಗಿಯನ್ನು ಒಣಗಲು ಹಾಕುವಾಗ, ಈ ಅಂಗಿ ಅವರಿಗೆ ಇಷ್ಟು ದೊಡ್ಡದು ಯಾವಾಗ ಆಯಿತು ಎನ್ನಿಸಿ ಕೈ ನಿಂತುಹೋಯಿತು.

ಅದಕ್ಕೇ ಈ ಕೋಳಿ. ತಂಗಿ ದೀಪಾವಳಿಗೆ ಪುಣೆಯಿಂದ ತಂದುಕೊಟ್ಟ ಸ್ಲೋ ಕುಕ್ಕರ್ ಇಷ್ಟು ದಿನ ಅಟ್ಟದ ಮೇಲಿತ್ತು. ಒಳಗೆ ದಪ್ಪ ಪಿಂಗಾಣಿ ಗಡಿಗೆ, ಸುತ್ತ ಬಿಸಿಯಾಗುವ ತಂತಿ, ಮೇಲೆ ಗಾಜಿನ ಮುಚ್ಚಳ, ಇಷ್ಟೇ. 200 ವಾಟ್. ಎಂಟು ಗಂಟೆ ಉರಿಸಿದರೂ ಎರಡು ಯೂನಿಟ್ ದಾಟುವುದಿಲ್ಲ.

ತಂಗಿ ಬರೆದುಕೊಟ್ಟ ಚೀಟಿಯಲ್ಲಿ ಜೇನುತುಪ್ಪ, ಸೋಯಾ ಸಾಸ್, ಕೆಚಪ್, ಬೆಳ್ಳುಳ್ಳಿ ಎಂದಿತ್ತು. ಜೇನಿನ ಜಾಗಕ್ಕೆ ನಾನು ಮಹಾಲಿಂಗಪುರದ ಬೆಲ್ಲ ಹಾಕಿದೆ, 60 ಗ್ರಾಂ, ಹೆರೆದು. ಕೆಚಪ್ ಜಾಗಕ್ಕೆ ಗಟ್ಟಿ ಹುಣಸೆ ರಸ ಎರಡು ಚಮಚ. ಸೋಯಾ ಸಾಸ್ ಮಾತ್ರ ಬಿಡಲಿಲ್ಲ, ಮೂರು ದೊಡ್ಡ ಚಮಚ. ಅದರಲ್ಲೇ ಉಪ್ಪು ಬೇಕಾದಷ್ಟಿರುವುದರಿಂದ ಮೇಲೆ ಅರ್ಧ ಚಮಚ ಉಪ್ಪು ಸಾಕಾಯಿತು. ಬೆಳ್ಳುಳ್ಳಿ ಒಂದು ಇಡೀ ಗಡ್ಡೆ, ಹೆಬ್ಬೆರಳುದ್ದ ಶುಂಠಿ, ಬ್ಯಾಡಗಿ ಮೆಣಸಿನಕಾಯಿ ಪುಡಿ ಎರಡು ಚಮಚ. ಬ್ಯಾಡಗಿ ಬಣ್ಣ ಹೆಚ್ಚು ಕೊಟ್ಟು ಖಾರ ಕಡಿಮೆ ಕೊಡುತ್ತದೆ, ನೋಯುವ ವಸಡಿಗೆ ಅದೇ ಸರಿ. ಅಡಿಯಲ್ಲಿ ಎರಡು ಉಳ್ಳಾಗಡ್ಡಿ ಹೆಚ್ಚಿ ಹಾಸಿದೆ. ನೀರು ಅರ್ಧ ಲೋಟ ಮಾತ್ರ, ಏಕೆಂದರೆ ಈ ಗಡಿಗೆಯಿಂದ ಆವಿ ಹೊರಗೆ ಹೋಗುವುದೇ ಇಲ್ಲವೆನ್ನಬೇಕು. ಕೋಳಿ ಮತ್ತು ಉಳ್ಳಾಗಡ್ಡಿ ಬಿಟ್ಟ ನೀರೇ ಸಾಕು.

ಕೋಳಿ ಜವಾರಿಯದೇ ಆಗಬೇಕು ಎಂದು ಹಟ ಮಾಡಿ ತರಿಸಿದೆ. ಅರಿಶಿನ ಹಚ್ಚಿ ಸುಟ್ಟು, ದೊಡ್ಡ ತುಂಡು ಮಾಡಿಸಿದ್ದು, ಒಂದೂಕಾಲು ಕೆಜಿ. ಬ್ರಾಯ್ಲರ್ ಕೋಳಿ ಸಣ್ಣ ಉರಿಯಲ್ಲೂ ನಾಲ್ಕೈದು ಗಂಟೆಗೆ ಬೆಂದು, ಆಮೇಲೆ ನಾರುನಾರಾಗಿ ಒಣಗುತ್ತದೆ. ಓಡಾಡಿ ಬೆಳೆದ ಜವಾರಿ ಕೋಳಿಯ ಕಾಲಿನಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ಇರುತ್ತದೆ. ಅದು ಅವಸರಕ್ಕೆ ಬಗ್ಗುವುದಿಲ್ಲ, ಗಂಟೆಗಟ್ಟಲೆ ಹದವಾದ ಬಿಸಿಯಲ್ಲಿಟ್ಟರೆ ಕರಗಿ ಜೆಲಾಟಿನ್ ಎಂಬ ಮೆತ್ತನೆಯ ಅಂಟು ಆಗುತ್ತದೆ. ಹಲ್ಲಿಲ್ಲದವರಿಗೆ ಜವಾರಿ ಕೋಳಿ ತಿನ್ನಿಸಲು ಇದೊಂದೇ ದಾರಿ ಎಂದು ನನಗೆ ಅನ್ನಿಸಿತು. ಕುಕ್ಕರಿನಲ್ಲಿ ಆರು ಸೀಟಿ ಹೊಡೆಸಿದರೂ ಬೇಯುತ್ತದೆ ನಿಜ. ಆದರೆ ಆ ಮೆತ್ತಗೆ ಬೇರೆ, ಈ ಮೆತ್ತಗೆ ಬೇರೆ.

ಬೆಳಿಗ್ಗೆ ತುಂಡುಗಳನ್ನು ಹೆಂಚಿನ ಮೇಲೆ ಐದು ನಿಮಿಷ ಹೊರಳಿಸಿ ಬಣ್ಣ ಬರಿಸುವಾಗ ಇವರು ಬಂದು ನೋಡಿ, "ಕೋಳಿಗೆ ಬೆಲ್ಲವೇ?" ಎಂದರು. ನನಗೂ ಅದೇ ಅಳುಕಿತ್ತು. ನಮ್ಮ ಮನೆಯಲ್ಲಿ ಹೋಳಿಗೆ ಸಾರಿಗೆ ಬೆಲ್ಲ, ಬೇಳೆಗೆ ಚಿಟಿಕೆ ಬೆಲ್ಲ, ಮಾಂಸದ ಅಡುಗೆಗೆ ಎಂದೂ ಇಲ್ಲ. ಒಳಕೋಣೆಯಿಂದ ಮಾವನ ದನಿ ಬಂತು: "ಹಾಕಲಿ ಬಿಡು." ಅಷ್ಟೇ ಅಂದದ್ದು. ಏಕೆ ಅಂದರೆಂದು ಕೇಳಲು ಪುರುಸೊತ್ತಿರಲಿಲ್ಲ. ಏಳೂಮುಕ್ಕಾಲಿಗೆ ಮುಚ್ಚಳ ಹಾಕಿ, ಗುಂಡಿಯನ್ನು ಕಡಿಮೆ ಉರಿಗೆ ತಿರುಗಿಸಿ, ಮಾವನಿಗೆ ಎರಡು ಮಾತು ಹೇಳಿ ತಿಕೋಟಾ ಬಸ್ಸಿಗೆ ಓಡಿದೆ. ಮುಚ್ಚಳ ತೆಗೆಯಬೇಡಿ, ಒಂದು ಸಲ ತೆಗೆದರೆ ಇಪ್ಪತ್ತು ನಿಮಿಷದ ಬಿಸಿ ಹೋಗುತ್ತದೆ. ಕರೆಂಟ್ ಹೋದರೆ ಗಡಿಯಾರ ನೋಡಿಕೊಳ್ಳಿ.

ಎರಡನೆಯ ಮಾತೇ ದಿನವಿಡೀ ನನ್ನನ್ನು ತಿಂದಿತು. ಐದು ಡಿಗ್ರಿಯಿಂದ ಅರವತ್ತು ಡಿಗ್ರಿಯವರೆಗಿನ ಬಿಸಿಯಲ್ಲಿ ಮಾಂಸದೊಳಗಿನ ಸೂಕ್ಷ್ಮಜೀವಿಗಳು ವೇಗವಾಗಿ ಹೆಚ್ಚುತ್ತವೆ ಎಂದು ಏಳನೆಯ ತರಗತಿಗೆ ಹೇಳಿಕೊಡುವವಳು ನಾನೇ. ಎರಡು ಗಂಟೆಗೂ ಹೆಚ್ಚು ಕರೆಂಟ್ ಹೋದರೆ ಆ ಅಡುಗೆಯನ್ನು ಚೆಲ್ಲಬೇಕು, ಮತ್ತೆ ಕುದಿಸಿದರೂ ನಂಬುವಂತಿಲ್ಲ. ಈ ಕುಕ್ಕರಿನಲ್ಲಿ ಗಡಿಯಾರವಿಲ್ಲ. ಹೋಗಿ ಬಂದರೆ ಏನೂ ಆಗದಂತೆ ದೀಪ ಉರಿಯುತ್ತಿರುತ್ತದೆ. ಮಧ್ಯಾಹ್ನ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮಾವನಿಗೆ ಅದರ ಸದ್ದು ಕೇಳಿಸುವುದಿಲ್ಲ. ಮೂರು ವಾರ ಸರಿಯಾಗಿ ಊಟ ಮಾಡದ ಮನುಷ್ಯನಿಗೆ ಕೆಟ್ಟ ಮಾಂಸ ತಿನ್ನಿಸಿದರೆ ಎಂದು ಯೋಚಿಸುತ್ತ ಹಾಜರಿ ಪುಸ್ತಕದಲ್ಲಿ ನಿನ್ನೆಯ ಅಂಕಣದಲ್ಲೇ ಬರೆದಿದ್ದೆ.

"ಹನ್ನೊಂದೂ ಹತ್ತಕ್ಕೆ ಹೋಯಿತು," ಎಂದರು ಮಾವ. "ಹನ್ನೊಂದೂ ನಲವತ್ತೈದಕ್ಕೆ ಬಂತು. ಹೋದ ಕೂಡಲೇ ಪ್ಲಗ್ ಕಿತ್ತೆ. ಕೌದಿ ಹೊದಿಸಿದೆ. ಬಂದ ಮೇಲೆ ಕೌದಿ ತೆಗೆದು ಪ್ಲಗ್ ಹಾಕಿದೆ. ಬಿಸಿ ಒಂದು ಕೂದಲೂ ಇಳಿದಿಲ್ಲ, ಕೈಯಿಟ್ಟು ನೋಡುತ್ತಲೇ ಇದ್ದೆ."

ಮೂವತ್ತೈದು ನಿಮಿಷ. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಕೌದಿಯಲ್ಲಿ ಅತ್ತೆಯವರ ಇಳಕಲ್ ಸೀರೆಯ ಸೆರಗಿನ ತುಂಡೊಂದಿದೆ, ಕೆಂಪು, ತೋಪು ತೆನೆ ಎಂಬ ಸೆರಗಿನ ವಿನ್ಯಾಸದ ಬಿಳಿ ಹಲ್ಲುಗಳು ಅರ್ಧಕ್ಕೆ ಕತ್ತರಿಸಿದ್ದು. ಅದರ ಮೇಲೆ ಗಡಿಗೆಯ ಆವಿ ಬಿದ್ದು ಸಣ್ಣ ಒದ್ದೆ ಗುರುತು ಮೂಡಿತ್ತು. ಬೆಳ್ಳುಳ್ಳಿ ವಾಸನೆ. ಒಗೆಯಲೇ ಎಂದು ಕೇಳಿದರೆ ಬೇಡ ಎಂದರು.

ಆಮೇಲೆ ಮಾತು ಆರಂಭವಾಯಿತು. ಡಿಸೆಂಬರಿನಿಂದ ಈಚೆಗೆ ಅವರು ಇಷ್ಟು ಮಾತನಾಡಿದ್ದನ್ನು ನಾನು ಕೇಳಿಲ್ಲ. ಮಹಾಲಿಂಗಪುರದ ಕಡೆಯ ಬೆಲ್ಲ ಮಾಡುವ ಗಾಣಗಳಲ್ಲಿ ಮೂವತ್ತು ಹಂಗಾಮು ಕೊಪ್ಪರಿಗೆಯ ಮುಂದೆ ನಿಂತವರು ಅವರು.

"ಇಡೀ ದಿನ ಕುಳಿತು ಇದನ್ನೇ ಯೋಚಿಸಿದೆ," ಎಂದರು. "ನಮ್ಮ ಕೊಪ್ಪರಿಗೆಗೆ ಮುಚ್ಚಳವೇ ಇರಲಿಲ್ಲ. ಹಾಲಿನಲ್ಲಿರುವ ನೀರನ್ನು ಓಡಿಸುವುದೇ ನಮ್ಮ ಕೆಲಸ. ನಿನ್ನ ಗಡಿಗೆ ನೀರನ್ನು ಹಿಡಿದಿಟ್ಟುಕೊಂಡು ಬೇಯಿಸುತ್ತದೆ. ಪೂರ್ತಿ ಉಲ್ಟಾ."

ಹಾಲು ಎಂದರೆ ಕಬ್ಬಿನ ಹಾಲು. ಅದು ಕಾಯುವಾಗ ಬೆಂಡೆ ಗಿಡದ ಲೋಳೆ ಬಿಟ್ಟು ಕೊಳೆಯನ್ನು ಮೇಲಕ್ಕೆ ತರುತ್ತಿದ್ದದ್ದು, ಸುಣ್ಣದ ತಿಳಿಯ ಅಳತೆ, ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತುಂಬುವವನಿಗೂ ಕೊಪ್ಪರಿಗೆಯವನಿಗೂ ನಡೆಯುವ ಜಗಳ, ಎಲ್ಲ ಬಂತು. ನಾನು ಈ ಕುಕ್ಕರಿನ ಕತೆ ಹೇಳಿದೆ. ಲಿಥುವೇನಿಯಾದ ಯಹೂದಿಗಳು ಸಬ್ಬತ್ ಎಂಬ ವಿಶ್ರಾಂತಿಯ ದಿನವಾದ ಶನಿವಾರ ಬೆಂಕಿ ಹೊತ್ತಿಸುವಂತಿರಲಿಲ್ಲ. ಶುಕ್ರವಾರ ಸಂಜೆಯೇ ಕಾಳು, ಮಾಂಸ ತುಂಬಿದ ಗಡಿಗೆಯನ್ನು ಬೇಕರಿಯ ಒಲೆಯಲ್ಲಿಟ್ಟರೆ, ಉಳಿದ ಬಿಸಿಯಲ್ಲೇ ರಾತ್ರಿಯೆಲ್ಲ ಬೇಯುತ್ತಿತ್ತು. ತಾಯಿಯಿಂದ ಆ ಕತೆ ಕೇಳಿದ ಇರ್ವಿಂಗ್ ನ್ಯಾಕ್ಸನ್ ಎಂಬವನು ಅಮೆರಿಕದಲ್ಲಿ ಇಂಥ ಗಡಿಗೆ ಮಾಡಿ 1940ರಲ್ಲಿ ಪೇಟೆಂಟ್ ಪಡೆದ. 1971ರಲ್ಲಿ ಕ್ರಾಕ್ ಪಾಟ್ ಎಂಬ ಹೆಸರಿನಿಂದ ಅದು ಮನೆಮನೆಗೆ ಹೋಯಿತು.

ಮಾವ ಬಹಳ ಹೊತ್ತು ಸುಮ್ಮನಿದ್ದರು.

"ನಾವೂ ಇಟ್ಟಿದ್ದೇವೆ," ಎಂದರು. "ಕೊನೆಯ ಕೊಪ್ಪರಿಗೆ ಇಳಿಸಿದ ಮೇಲೆ ಒಲೆಯ ಬೂದಿಯಲ್ಲಿ ದಿನಾ ಗೆಣಸು ಹೂಳುತ್ತಿದ್ದೆವು. ಒಂದು ರಾತ್ರಿ ಗಡಿಗೆಯಲ್ಲಿ ಕೋಳಿ ಹಾಕಿ, ಜೋಳದ ಹಿಟ್ಟು ಮೆತ್ತಿ ಬಾಯಿ ಮುಚ್ಚಿ ಬೂದಿಯೊಳಗೆ ಇಟ್ಟೆವು. ಉಪ್ಪು, ಖಾರ, ಮತ್ತೆ ಕೊಪ್ಪರಿಗೆಯ ಅಂಚಿಗೆ ಹತ್ತಿದ ಬೆಲ್ಲ. ಬೆಳಗಿನ ಜಾವ ತೆಗೆದರೆ... ನಿನ್ನ ಅತ್ತೆಗೆ ಒಂದು ಕಾಲು ಎತ್ತಿಟ್ಟುಕೊಂಡು ಬಂದಿದ್ದೆ. ಅವಳೂ ಇವನ ಹಾಗೆಯೇ ಕೇಳಿದಳು. ಕೋಳಿಗೆ ಬೆಲ್ಲವೇ ಎಂದು."

ಮುಚ್ಚಳ ತೆಗೆದೆ. ಕಾಲಿನ ಎಲುಬನ್ನು ಹಿಡಿದೆತ್ತಿದರೆ ಎಲುಬಷ್ಟೇ ಕೈಗೆ ಬಂತು, ಮಾಂಸ ರಸದಲ್ಲೇ ಉಳಿಯಿತು. ಆದರೆ ರಸ ತೆಳ್ಳಗೆ ಸಾರಿನಂತಿತ್ತು. ಚೀಟಿಯ ಪ್ರಕಾರ ಕಾರ್ನ್‌ಫ್ಲೋರ್ ಕದಡಿ ಹಾಕಬೇಕು. ಡಬ್ಬಿ ಹುಡುಕುತ್ತಿದ್ದೆ, ಮಾವ ಕೋಲೂರಿ ಎದ್ದು ಬಂದರು.

"ಹಿಟ್ಟು ಏಕೆ? ರಸವನ್ನು ಬಾಣಲೆಗೆ ಹೊಯ್ಯಿ. ಈಗ ನೀರು ಓಡಿಸು."

ಹೊಯ್ದೆ. ಉರಿ ದೊಡ್ಡದು ಮಾಡಿದೆ. ಮೊದಲು ಸಣ್ಣ ಬಿಳಿ ನೊರೆ ಎದ್ದಿತು, ಅವಸರದ ಗುಳ್ಳೆಗಳು. ಮಾವ ನೋಡುತ್ತಿರಲಿಲ್ಲ, ತಲೆ ವಾಲಿಸಿ ಕೇಳುತ್ತಿದ್ದರು. ಫೋನಿನ ಸದ್ದು ಕೇಳದ ಕಿವಿ. ಐದಾರು ನಿಮಿಷಕ್ಕೆ ನೊರೆ ಅಡಗಿ ಗುಳ್ಳೆಗಳು ದೊಡ್ಡವಾದವು, ಕೆಂಪಾದವು, ಒಂದೊಂದಾಗಿ ನಿಧಾನ ಒಡೆಯತೊಡಗಿದವು. "ಇಳಿಸು," ಎಂದರು. ಇನ್ನೂ ಸ್ವಲ್ಪ ಇರಲಿ ಎಂದು ನಾನು ಸೌಟು ಆಡಿಸುತ್ತ ನಿಂತೆ.

"ಇಳಿಸು ಎಂದೆನಲ್ಲ!"

ಹಜಾರದಿಂದ ಮಗಳು ಓಡಿ ಬಂದಳು. ಇವರೂ ಬಂದರು. ಮಾವನ ದನಿ ಈ ಮನೆಯಲ್ಲಿ ಎರಡು ತಿಂಗಳಿನಿಂದ ಅಷ್ಟು ಏರಿರಲಿಲ್ಲ. ನಾನು ಬಾಣಲೆ ಇಳಿಸಿ, ಬೆನ್ನು ತಿರುಗಿಸಿ ನಿಂತು ಕಣ್ಣು ಒರೆಸಿಕೊಂಡೆ.

ರಸ ಸೌಟಿಗೆ ಹತ್ತಿಕೊಂಡು ಹೊಳೆಯುತ್ತಿತ್ತು. ಸಿಹಿ ಮೊದಲು ಬರುತ್ತದೆ, ಅದರ ಹಿಂದೆಯೇ ಹುಳಿ, ನುಂಗಿದ ಮೇಲೆ ಗಂಟಲಿನಲ್ಲಿ ಮೆಣಸಿನಕಾಯಿ. ಇವರಿಗೆ ಮಾಂಸ ಮಾತ್ರ ಹಾಕಿ ರಸ ಒಂದೇ ಚಮಚ ಕೊಟ್ಟೆ. ಸಕ್ಕರೆ ಕಾಯಿಲೆಗೆ ಬೆಲ್ಲವಾದರೆ ನಡೆಯುತ್ತದೆ ಎಂದು ವಾದಿಸಿದರು. ನಡೆಯುವುದಿಲ್ಲ, ಬೆಲ್ಲದಲ್ಲಿಯೂ ಹೆಚ್ಚಿನ ಪಾಲು ಸಕ್ಕರೆಯೇ. ಮಾವನ ತಟ್ಟೆಗೆ ಹಾಕುವ ಮೊದಲು ಪಕ್ಕೆಯ ಸಣ್ಣ ಎಲುಬುಗಳನ್ನು ಬೆರಳಿನಿಂದ ತಡಕಿ ತಡಕಿ ತೆಗೆದೆ. ಇಷ್ಟು ಬೆಂದ ಮೇಲೆ ಅವು ಸಡಿಲಾಗಿ ಮಾಂಸದಲ್ಲಿ ಅಡಗಿರುತ್ತವೆ. ಬಿಸಿ ಜೋಳದ ರೊಟ್ಟಿಯನ್ನು ರಸದಲ್ಲಿ ಮುರಿದು ನೆನೆಸಿದೆ.

ಒಂದು ರೊಟ್ಟಿ ತಿಂದರು. ಪೂರ್ತಿ ಒಂದು. ನಾವೆಲ್ಲ ಕೈ ತೊಳೆದ ಮೇಲೂ ಅವರು ತಿನ್ನುತ್ತಲೇ ಇದ್ದರು, ನಿಧಾನವಾಗಿ, ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ಒತ್ತಿ. ಎದುರಿಗೆ ಕುಳಿತ ಮಗಳು ಬೂದಿಯಲ್ಲಿಟ್ಟ ಗೆಣಸು ಸುಟ್ಟುಹೋಗುವುದಿಲ್ಲವೇ ಎಂದು ಕೇಳುತ್ತಿದ್ದಳು.

ಈಗ ಹತ್ತೂವರೆ. ಗಡಿಗೆ ನೆನೆಹಾಕಿದ್ದೇನೆ. ಬಿಸಿಯಿರುವಾಗ ತಣ್ಣೀರು ಹಾಕಿದರೆ ಪಿಂಗಾಣಿ ಸೀಳುತ್ತದೆ ಎಂದು ಆರುವವರೆಗೆ ಕಾದೆ. ಮಾವ ಇನ್ನೂ ಮಲಗಿಲ್ಲ, ಒಳಗೆ ಇವರಿಗೆ ಯಾರಯಾರದೋ ಹೆಸರು ಹೇಳುತ್ತಿದ್ದಾರೆ, ಆ ರಾತ್ರಿ ಗಾಣದಲ್ಲಿದ್ದವರು. ನಾಲ್ವರಲ್ಲಿ ಒಬ್ಬರು ಈಗಲೂ ಇದ್ದಾರಂತೆ, ಊರಿನಲ್ಲೇ. ಅಲ್ಲಿಗೆ ಹೋಗಲು ಜಮಖಂಡಿಯಲ್ಲಿ ಬಸ್ ಬದಲಾಯಿಸಬೇಕು, ಮಾವನಿಗೆ ಅಷ್ಟು ದೂರ ಕೂರಲು ಆಗುತ್ತದೆಯೋ ಇಲ್ಲವೋ. ಭಾನುವಾರ ಇವರಿಗೆ ರಜೆ ಇದ್ದರೆ, ಗಡಿಗೆಯನ್ನೂ ಬುಟ್ಟಿಯಲ್ಲಿಟ್ಟು, ಆ ಕೌದಿಯನ್ನೇ ಸುತ್ತಿ...