ಭಾವನ ಕಾಲಿನ ಎಕ್ಸ್‌ರೇಲಿ ಒಂದು ಕರಿ ಗೆರೆ

ಜನವರಿ 18, 2025, ಶನಿವಾರ
ಶಿರಸಿ, ರಾತ್ರಿ 10.30

ಬೆಳಿಗ್ಗೆ ಐದೂವರೆಗೆ ಭಾವನ್ನ ಕಾರಿನ ಹಿಂದಿನ ಸೀಟಲ್ಲಿ ಕಾಲು ಚಾಚಿ ಕೂರಿಸ್ಕೊಂಡು ಹುಬ್ಬಳ್ಳಿಗೆ ಹೊರಟಿದ್ದು, ಈಗ ಊಟ ಮುಗಿಸಿ ಕೂತೆ. ಸೊಂಟ ಹಿಡ್ಕೊಂಡಿದೆ.

ಬಿದ್ದು ಇವತ್ತಿಗೆ 52 ದಿನ. ನವೆಂಬರ್ 27ಕ್ಕೆ ಅಡಿಕೆ ಅಟ್ಟದಿಂದ ಇಳಿಯುವಾಗ ಏಣಿ ಜಾರ್ತು ಅಂತ ಭಾವ ಹಾರಿಬಿಟ್ಟ, ಪಾದದ ಮುಂದಿನ ಭಾಗ ಮಾತ್ರ ಜಂಬಿಟ್ಟಿಗೆ ಮೆಟ್ಟಿಲ ಅಂಚಿಗೆ ಸಿಕ್ತು, ಹಿಮ್ಮಡಿ ಕೆಳಗೆ ಹೋಯ್ತು, ಪಾದ ಮೇಲ್ಮುಖ ಮಡಚಿಹೋಯ್ತು. "ಎಂತೂ ಆಜಿಲ್ಲೆ ತಮಾ, ಉಳುಕಿದ್ದು ಅಷ್ಟೇಯ" ಅಂದ. ಅವತ್ತೇ ಒಂದ್ಕಡೆ ಎಕ್ಸ್‌ರೇ ತೆಗೆಸಿದ್ವಿ, ಫ್ರ್ಯಾಕ್ಚರ್ ಇಲ್ಲ ಅಂದ್ರು, ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳ್ಸಿದ್ರು. ನಾನೂ ಖುಷಿಯಾಗಿ ಮನೆಗೆ ಬಂದು ಎಣ್ಣೆ ತಿಕ್ಕೋಕೆ ಅಕ್ಕಂಗೆ ಹೇಳಿದ್ದು ನಾನೇ, ಅದು ನೆನಪಾದ್ರೆ ಈಗ್ಲೂ ನಾಚಿಕೆ ಆಗ್ತದೆ. ಆರು ದಿನ ಆದ್ರೂ ನಾಲ್ಕು ಹೆಜ್ಜೆ ಇಡೋಕಾಗ್ಲಿಲ್ಲ, ಪಾದ ಕಪ್ಪಿಟ್ಟು ನೀರು ಗುಳ್ಳೆ ಎದ್ದಿತ್ತು. ಹುಬ್ಬಳ್ಳಿ ಡಾಕ್ಟ್ರು ಮುಟ್ಟಿ ನೋಡಿ ಸೀದಾ ಸಿಟಿ ಸ್ಕ್ಯಾನ್ ಬರ್ದ್ರು. ಅದ್ರಲ್ಲಿ ಸಿಕ್ತು, ಟೇಲಸ್ ಅನ್ನೋ ಮೂಳೆಯ ಕೊರಳು ಮುರಿದು, ಅದ್ರ ಕೆಳಗಿನ ಜಾಯಿಂಟ್ ಸ್ವಲ್ಪ ಜಾರಿತ್ತು. ಹಾಕಿನ್ಸ್ ಅನ್ನೋ ಡಾಕ್ಟರ್ ಈ ಮುರಿತಗಳನ್ನ ವಿಂಗಡಿಸಿದ ಲೆಕ್ಕದಲ್ಲಿ ಇದು ಟೈಪ್ ಎರಡು ಅಂತೆ. ಅಲ್ಲಿ ಮೂಳೆಗಳು ಒಂದ್ರ ಮೇಲೊಂದು ನೆರಳು ಬೀಳ್ಸೋದ್ರಿಂದ ಸಾದಾ ಎಕ್ಸ್‌ರೇಲಿ ತಪ್ಪಿ ಹೋಗೋದು ಇದ್ದಿದ್ದೇ ಅಂದ್ರು.

ಈ ಟೇಲಸ್ ಇರೋದು ಕಣಕಾಲಿನ ಎರಡು ಮೂಳೆಗೂ ಹಿಮ್ಮಡಿ ಮೂಳೆಗೂ ಮಧ್ಯ. ಇಡೀ ಮೈಭಾರ ಇದ್ರ ಮೇಲೆ, ಆದ್ರೆ ಒಂದು ಸ್ನಾಯೂ ಇದಕ್ಕೆ ಅಂಟ್ಕೊಂಡಿಲ್ಲ, ಅರ್ಧಕ್ಕಿಂತ ಹೆಚ್ಚು ಮೈ ನುಣುಪು ಕಾರ್ಟಿಲೇಜ್. ಹಂಗಾಗಿ ರಕ್ತನಾಳ ಒಳಗೆ ಹೋಗೋಕೆ ಜಾಗ ಕಮ್ಮಿ, ಹೆಚ್ಚಿನವು ಕೊರಳಿನ ಹತ್ರ ಹೊಕ್ಕು ಹಿಂದಕ್ಕೆ ಹರೀತಾವೆ. ಕೊರಳು ಮುರಿದ್ರೆ ಕಾಲುವೆ ಬಾಯಿ ಕಟ್ಟಿದ ಹಾಗೆ, ಹಿಂದಿನ ತೋಟ ಒಣಗ್ತದೆ ಅಂತ ನಾನು ಭಾವಂಗೆ ಹೇಳಿದ್ದೆ. ಟೈಪ್ ಎರಡಲ್ಲಿ ಹಂಗೆ ಮೂಳೆ ಸಾಯೋ ಸಂಭವ ಹಳೆ ಲೆಕ್ಕದಲ್ಲಿ ನೂರಕ್ಕೆ 20ರಿಂದ 50.

1919ರಲ್ಲಿ ಆಂಡರ್ಸನ್ ಅನ್ನೋ ಡಾಕ್ಟರ್ ವಿಮಾನ ಬಿದ್ದ ಪೈಲಟ್‌ಗಳಲ್ಲಿ ಇಂಥ 18 ಕೇಸ್ ನೋಡಿ 'ಏವಿಯೇಟರ್ಸ್ ಆಸ್ಟ್ರಗಾಲಸ್' ಅಂತ ಹೆಸರಿಟ್ಟಿದ್ರಂತೆ, ಏವಿಯೇಟರ್ ಅಂದ್ರೆ ಪೈಲಟ್, ಆಸ್ಟ್ರಗಾಲಸ್ ಅನ್ನೋದು ಟೇಲಸ್‌ನ ಹಳೆ ಹೆಸರು. ಇದನ್ನ ಓದಿ ಹೇಳಿದ್ರೆ ಭಾವ, "ಹಂಗಾರೆ ಆನು ಅಟ್ಟದ ಪೈಲಟ್ಟು" ಅಂದ.

ಬಾವು ಇಳಿದು ಚರ್ಮ ಸುಕ್ಕು ಬರ್ಲಿ ಅಂತ ಮೂರು ದಿನ ಕಾದು ಆಪರೇಷನ್ ಮಾಡಿದ್ರು. ಪಾದದ ಮುಂದೆ ಒಳಗಡೆ ಒಂದು, ಹೊರಗಡೆ ಒಂದು ಕೊಯ್ತ. ಒಂದೇ ಕಡೆಯಿಂದ ನೋಡಿದ್ರೆ ಮೂಳೆ ಸರಿ ಕೂತಂಗೆ ಕಾಣ್ತದೆ, ಇನ್ನೊಂದ್ಕಡೆ ತಿರುಗಿರ್ತದೆ. ಒಳಬದಿ ಪುಡಿಯಾಗಿತ್ತು, ಅಲ್ಲಿ ಸ್ಕ್ರೂ ಜೋರಾಗಿ ಬಿಗಿದ್ರೆ ಆ ಬದಿ ಗಿಡ್ಡಾಗಿ ಪಾದ ಒಳಕ್ಕೆ ವಾಲ್ತದಂತೆ, ಅದಕ್ಕೇ ಸಣ್ಣ ಪ್ಲೇಟ್ ಕೂರಿಸಿದ್ದು. ಸ್ಕ್ರೂ, ಪ್ಲೇಟ್ ಎಲ್ಲಾ ಟೈಟಾನಿಯಂ. ಬಿಲ್ಲಿನ ಮಾತು ಬೇಡ.

ಇವತ್ತು ಹೋಗಿದ್ದು ಒಂದು ಗೆರೆ ಹುಡ್ಕೋಕೆ. 1970ರಲ್ಲಿ ಅದೇ ಹಾಕಿನ್ಸ್ ಬರೆದಿದ್ದು. ಆರರಿಂದ ಎಂಟನೇ ವಾರದ ಎಕ್ಸ್‌ರೇಲಿ ಟೇಲಸ್‌ನ ಗುಮ್ಮಟದಂಥ ಮೇಲ್ಭಾಗದ ಕೆಳಗೇ ತೆಳ್ಳಗೆ ಕರಿ ಗೆರೆ ಕಂಡ್ರೆ ರಕ್ತ ಹರೀತಾ ಇದೆ ಅಂತ. ಕಾಲೂರದೆ ಇದ್ರೆ ಜೀವ ಇರೋ ಮೂಳೆ ಸವೀತದೆ, ಸವೆದಿದ್ದು ಕಪ್ಪಾಗಿ ಕಾಣ್ತದೆ. ಸತ್ತಿದ್ದಕ್ಕೆ ಸವೆಯೋಕೂ ರಕ್ತ ಇಲ್ಲ, ಬೆಳ್ಳಗೆ ಗಟ್ಟಿಯಾಗಿ ಉಳೀತದೆ. ಮೂಳೆ ಸವೆದಿದೆ ಅಂತ ಫೋನಲ್ಲಿ ಹೇಳಿದ್ದೇ ಅಕ್ಕ ಅಳೋಕೆ ಶುರು ಮಾಡಿದ್ಳು, ಅದು ಒಳ್ಳೇದು ಕಣೇ ಅಂತ ತಿಳ್ಸೋದ್ರೊಳಗೆ ಕರೆನ್ಸಿ ಖಾಲಿ.

ಗೆರೆ ಒಳಬದಿ ಅರ್ಧಕ್ಕೆ ಚೆನ್ನಾಗಿ ಕಾಣ್ತಿತ್ತು. ಹೊರಬದಿ ನನ್ನ ಕಣ್ಣಿಗೆ ಏನೂ ಕಾಣ್ಲಿಲ್ಲ, ಡಾಕ್ಟ್ರೂ ಸ್ಕ್ರೀನ್ ಹತ್ರ ಬಗ್ಗಿ ನೋಡಿ "ಇದು ಇನ್ನೂ ಗೊತ್ತಾಗಲ್ಲ" ಅಂದ್ರು. ಫೆಬ್ರವರಿ 15ಕ್ಕೆ ಮತ್ತೆ ಬನ್ನಿ, ಡೌಟಿದ್ರೆ ಎಂಆರ್‌ಐ. ಅಲ್ಲಿವರೆಗೆ ಕಾಲು ಊರಂಗಿಲ್ಲ, ವಾಕರ್ರೇ ಗತಿ. ಮೂಳೆ ಬದುಕಿದ್ರೂ ಕೆಳಗಿನ ಜಾಯಿಂಟ್ ಮುಂದೆ ಸವೆದು ನೋಯಬಹುದು ಅನ್ನೋದನ್ನೂ ಹೇಳಿದ್ರು, ಅದನ್ನ ಅಕ್ಕಂಗೆ ಇನ್ನೂ ಹೇಳಿಲ್ಲ. ತಂಬಾಕು ಪೂರ್ತಿ ಬಂದ್, ರಕ್ತನಾಳ ಬಿಗೀತದೆ ಅಂತ. ಭಾವ ಎಲ್ಲಕ್ಕೂ ತಲೆ ಆಡಿಸಿದ, ಇದಕ್ಕೆ ಮಾತ್ರ ಕಿಟಕಿ ನೋಡಿದ.

ಮುಂಡಗೋಡಲ್ಲಿ ಚಾಕ್ಕೆ ನಿಲ್ಸಿದಾಗ ಕವಳದ ಸಂಚಿ ಬಿಚ್ಚಿದ. ಎಲೆ, ಸುಣ್ಣ, ಅಡಿಕೆ. ನಾನು ನೋಡ್ತಾನೇ ಇದ್ದೆ. "ನೋಡಡ ಮಾರಾಯಾ, ತಂಬಾಕು ಹಾಕ್ತ್ನಿಲ್ಲೆ" ಅಂತ ಬಾಯಿಗೆ ಹಾಕ್ಕೊಂಡು, ಸ್ವಲ್ಪ ಹೊತ್ತಿಗೆ ಅಡಿಕೆ ಕೊನೆ ಇಳಿಸೋ ಕೊನೆಗೌಡ ಸೋಮವಾರ ಬರ್ತ್ನಡ, ಎರಡನೇ ಕೊಯ್ಲಿಗೆ ನೀನೇ ನಿಂತ್ಕಳವು ಅಂದ.